ಅಪ್ಪ ಅಮ್ಮ ಮಕ್ಕಳ ಜೊತೆ ದಿಲ್ಲಿಗೆ ಹೊರಟಿದ್ದೇವೆ. ಏನು ನೋಡಬೇಕು, ಏನು ಬಿಡಬಹುದು?

ನೀರ್ಚಾಲಿನವ

ಎಲ್ಲರಿಗೂ ನಮಸ್ಕಾರ. ಈ ಸಲ ಮಕ್ಕಳ ಕ್ರಿಸ್ಮಸ್ ರಜೆಯಲ್ಲಿ ದಿಲ್ಲಿಗೆ ಹೋಗುವುದು ಅಂತ ಮನೆಯಲ್ಲಿ ತೀರ್ಮಾನವಾಗಿದೆ. ಅಪ್ಪ, ಅಮ್ಮ, ನಾನು, ಹೆಂಡತಿ, ಇಬ್ಬರು ಮಕ್ಕಳು. ಅಪ್ಪನಿಗೆ ಎಪ್ಪತ್ತು ದಾಟಿದರೂ ದಿನಾ ತೋಟಕ್ಕೆ ಇಳಿದು ಹತ್ತುವವರು, ಎಷ್ಟು ಬೇಕಾದರೂ ನಡೆಯುತ್ತಾರೆ. ಅಮ್ಮನಿಗೆ ಮಂಡಿ ನೋವು, ಮೆಟ್ಟಿಲು ಅಂದರೆ ಆಗುವುದೇ ಇಲ್ಲ. ಮಗಳು ಎಂಟನೇ ಕ್ಲಾಸು, ಮಗ ಮೂರನೇ ಕ್ಲಾಸು. ಹಿಂದಿ ನಮಗೆ ಯಾರಿಗೂ ಅಷ್ಟಕ್ಕಷ್ಟೇ.

ಯೂಟ್ಯೂಬ್ ನೋಡಿದರೆ ಒಬ್ಬೊಬ್ಬರು ಒಂದೇ ದಿನದಲ್ಲಿ ಹತ್ತು ಹನ್ನೆರಡು ಜಾಗ ಮುಗಿಸುತ್ತಾರೆ. ನಮಗೆ ಹಾಗೆ ಓಡುವುದು ಸಾಧ್ಯ ಇಲ್ಲ, ಓಡುವ ಮನಸ್ಸೂ ಇಲ್ಲ. ಅಪ್ಪ ಅಮ್ಮ ಮೈಸೂರು, ತಿರುಪತಿ ಬಿಟ್ಟು ಆಚೆ ಹೋದವರಲ್ಲ, ಇನ್ನೊಂದು ಸಲ ಇಷ್ಟು ದೂರ ಕರೆದುಕೊಂಡು ಹೋಗಲು ಆಗುತ್ತದೋ ಇಲ್ಲವೋ. ಅವರು ನೆಮ್ಮದಿಯಲ್ಲಿ ನೋಡಬೇಕು, ಅದೇ ನನಗೆ ಮುಖ್ಯ.

ದಿಲ್ಲಿಯಲ್ಲಿ ನಾಲ್ಕೈದು ದಿನ ಸಿಗಬಹುದು. ಆಗ್ರಾಕ್ಕೂ ಹೋಗಬೇಕು ಅಂತ ಮಗಳ ಹಠ. ರೈಲಾ, ವಿಮಾನವಾ? ಯಾವ ಜಾಗ ಬಿಡಲೇಬಾರದು, ಯಾವುದು ಸುಮ್ನೆ ಹೆಸರು ಮಾತ್ರ? ಗೊತ್ತಿದ್ದವರು ದಯವಿಟ್ಟು ಹೇಳಿ.

ಕುಂಬಳೆಯವಳು, ಈಗ ದಿಲ್ಲಿ

ಅಣ್ಣಾ, ನಾನು ಮದುವೆಯಾಗಿ ಬಂದ ಮೇಲೆ ಇಲ್ಲೇ ಇದ್ದೇನೆ. ಊರಿನಿಂದ ಬಂದವರನ್ನು ಸುತ್ತಿಸಿ ಸುತ್ತಿಸಿ ಸ್ವಲ್ಪ ಗೊತ್ತುಂಟು, ಹಾಗಾಗಿ ಉದ್ದ ಬರೆಯುತ್ತೇನೆ.

ಮೊದಲು ವಾರ ನೋಡಿಕೊಳ್ಳಿ. ಸೋಮವಾರ ಇಲ್ಲಿ ಅರ್ಧ ದಿಲ್ಲಿ ಬಾಗಿಲು ಹಾಕಿರುತ್ತದೆ. ಕೆಂಪು ಕೋಟೆ, ನ್ಯಾಷನಲ್ ಮ್ಯೂಸಿಯಂ, ಗಾಂಧಿ ಸ್ಮೃತಿ, ಲೋಟಸ್ ಟೆಂಪಲ್, ಅಕ್ಷರಧಾಮ, ರೈಲ್ ಮ್ಯೂಸಿಯಂ, ಎಲ್ಲದಕ್ಕೂ ಸೋಮವಾರವೇ ರಜೆ. ಕುತುಬ್ ಮಿನಾರ್, ಹುಮಾಯೂನ್ ಸಮಾಧಿ, ಲೋಧಿ ಗಾರ್ಡನ್, ಇಂಡಿಯಾ ಗೇಟ್ ಸೋಮವಾರವೂ ತೆರೆದಿರುತ್ತವೆ. ಹಾಗಾಗಿ ಸೋಮವಾರಕ್ಕೆ ಅವನ್ನೇ ಇಟ್ಟುಕೊಳ್ಳಿ. ತಾಜ್ ಮಹಲಿಗೆ ಶುಕ್ರವಾರ ರಜೆ.

ರೈಲಾದರೆ ನಮ್ಮ ಮಂಗಳಾ ಎಕ್ಸ್‌ಪ್ರೆಸ್ ಉಂಟಲ್ಲ, ಕಾಸರಗೋಡಿನಲ್ಲೇ ಹತ್ತಬಹುದು. ಕೊಂಕಣ ರೈಲ್ವೆಯಲ್ಲಿ ಹೋಗಿ, ಭೋಪಾಲ್, ಝಾನ್ಸಿ ದಾಟಿ, ಆಗ್ರಾ ಕ್ಯಾಂಟ್‌ನಲ್ಲಿ ನಿಂತು, ಆಮೇಲೆ ದಿಲ್ಲಿಯ ನಿಜಾಮುದ್ದೀನ್ ಸ್ಟೇಷನ್. ಅದು ಆಗ್ರಾದಲ್ಲಿ ನಿಲ್ಲುವ ಕಾರಣ ನಾನು ಊರಿನವರಿಗೆ ಹೇಳುವುದು ಇಷ್ಟೇ: ದಿಲ್ಲಿಗೆ ಬಂದು ಪುನಃ ಆಗ್ರಾಕ್ಕೆ ಹೋಗಿ ಬರುವ ಬದಲು, ಹೋಗುವಾಗಲೇ ಆಗ್ರಾದಲ್ಲಿ ಇಳಿಯಿರಿ, ಒಂದು ರಾತ್ರಿ ಉಳಿಯಿರಿ, ತಾಜ್ ನೋಡಿ ಆಮೇಲೆ ದಿಲ್ಲಿಗೆ ಬನ್ನಿ. ಅಮ್ಮನವರಿಗೆ ಒಂದೇ ದಿನ ಹೋಗಿ ಬರುವ ಸುಸ್ತು ತಪ್ಪುತ್ತದೆ. ಡಿಸೆಂಬರ್ ಕೊನೆಯಲ್ಲಿ ಉತ್ತರದಲ್ಲಿ ಮಂಜು ಜಾಸ್ತಿ, ರೈಲು ತಡವಾಗುವುದು ಮಾಮೂಲು, ಆ ದಿನಕ್ಕೆ ಬೇರೆ ಏನೂ ಇಟ್ಟುಕೊಳ್ಳಬೇಡಿ. ತಾಜ್‌ಗೆ ಕೂಡ ಬೆಳಗ್ಗೆ ಬೇಗ ಹೋಗಿ ಅಂತ ಎಲ್ಲರೂ ಹೇಳುತ್ತಾರೆ, ಅದು ಬೇರೆ ತಿಂಗಳಿಗೆ ಸರಿ. ಮಂಜಿರುವ ದಿನ ಎದುರಿಗೆ ನಿಂತರೂ ಬಿಳಿ ಗೋಡೆಯ ಹಾಗೆ ಕಾಣುತ್ತದೆ ಅಷ್ಟೆ. ಬಿಸಿಲು ಬಂದ ಮೇಲೆ ಹೋಗಿ.

ದಿಲ್ಲಿಯಲ್ಲಿ ಜಾಗಗಳನ್ನು ದಿಕ್ಕು ನೋಡಿ ಸೇರಿಸಿಕೊಳ್ಳಿ, ಇಲ್ಲದಿದ್ದರೆ ಅರ್ಧ ದಿನ ರಸ್ತೆಯಲ್ಲೇ ಹೋಗುತ್ತದೆ. ಕೆಂಪು ಕೋಟೆ, ಜಾಮಾ ಮಸೀದಿ, ಚಾಂದನಿ ಚೌಕ್ ಒಂದು ಕಡೆ. ಇಂಡಿಯಾ ಗೇಟ್, ಯುದ್ಧ ಸ್ಮಾರಕ, ನ್ಯಾಷನಲ್ ಮ್ಯೂಸಿಯಂ ಇನ್ನೊಂದು ಕಡೆ. ಹುಮಾಯೂನ್ ಸಮಾಧಿ, ಅದರ ಪಕ್ಕದ ಸುಂದರ್ ನರ್ಸರಿ, ಲೋಧಿ ಗಾರ್ಡನ್ ಮತ್ತೊಂದು. ಕುತುಬ್ ದಕ್ಷಿಣದಲ್ಲಿ ಒಂಟಿಯಾಗಿ ಉಂಟು.

ಅಮ್ಮನ ಮಂಡಿಯ ವಿಷಯ ಹೇಳುವುದಾದರೆ, ಕುತುಬ್ ಆವರಣ ಹೆಚ್ಚು ಕಡಿಮೆ ಸಮತಟ್ಟು, ಮಿನಾರಿನ ಒಳಗೆ ಹತ್ತಲು ಹೇಗೂ ಬಿಡುವುದಿಲ್ಲ. 1981ರಲ್ಲಿ ಒಳಗೆ ಕಾಲ್ತುಳಿತವಾಗಿ ಮಕ್ಕಳು ತೀರಿಕೊಂಡ ಮೇಲೆ ಮುಚ್ಚಿದ್ದು. ಕೆಂಪು ಕೋಟೆಯಲ್ಲಿ ನಡಿಗೆ ಜಾಸ್ತಿ, ಆದರೆ ಮೆಟ್ಟಿಲು ಕಡಿಮೆ. ಜಾಮಾ ಮಸೀದಿಗೆ ಎತ್ತರದ ಮೆಟ್ಟಿಲು, ಅವರಿಗೆ ಬೇಡ. ಹುಮಾಯೂನ್ ಸಮಾಧಿಯಲ್ಲಿ ಮೇಲಿನ ಜಗಲಿಗೆ ಹೋಗುವ ಮೆಟ್ಟಿಲು ಕಡಿದು, ಒಂದೊಂದೂ ಮಂಡಿಯೆತ್ತರ. ಅಮ್ಮ ಕೆಳಗೆ ತೋಟದಲ್ಲೇ ಕೂತುಕೊಳ್ಳಲಿ. ನಿಜ ಹೇಳಬೇಕೆಂದರೆ ಆ ಕಟ್ಟಡ ಚಂದ ಕಾಣುವುದು ಕೆಳಗಿನಿಂದಲೇ. ತಾಜ್‌ಗಿಂತ ಸುಮಾರು ಎಪ್ಪತ್ತು ವರ್ಷ ಮೊದಲೇ ಕಟ್ಟಲು ಶುರು ಮಾಡಿದ್ದು, ಹುಮಾಯೂನನ ಹೆಂಡತಿ ಮಾಡಿಸಿದ್ದು. ನಾಲ್ಕು ಭಾಗದ ತೋಟ, ನಡುವೆ ಗುಮ್ಮಟ, ನೀರಿನ ಕಾಲುವೆ, ಎಲ್ಲ ಇಲ್ಲೇ ಮೊದಲು. ಜನವೂ ಕಡಿಮೆ. ನನ್ನನ್ನು ಒಂದೇ ಒಂದು ಜಾಗ ಹೇಳು ಅಂದರೆ ಇದನ್ನೇ ಹೇಳುವುದು.

ಲೋಟಸ್ ಟೆಂಪಲ್ ಬಿಟ್ಟರೂ ನಷ್ಟ ಇಲ್ಲ. ಕ್ಯೂ ಉದ್ದ, ಒಳಗೆ ಮೌನವಾಗಿ ಕೂತು ಬರುವುದು, ಮಕ್ಕಳು ಚಡಪಡಿಸುತ್ತಾರೆ. ಅಕ್ಷರಧಾಮಕ್ಕೂ ಅರ್ಧ ದಿನ ಬೇಕು, ಮೊಬೈಲು ಬ್ಯಾಗು ಎಲ್ಲ ಹೊರಗೆ ಕೊಟ್ಟು ಹೋಗಬೇಕು. ನಾನಾದರೆ ಬಿಡುತ್ತೇನೆ.

ಮುಳ್ಳೇರಿಯದ ಮಾಸ್ಟ್ರು

ಮೇಲಿನ ತಂಗಿ ಬಹಳ ಚೆನ್ನಾಗಿ ಬರೆದಿದ್ದಾಳೆ. ನಾನು ಚರಿತ್ರೆ ಪಾಠ ಮಾಡಿದವನು, ಶಾಲೆಯ ಮಕ್ಕಳನ್ನು ಕರೆದುಕೊಂಡು ಹೋದ ಅನುಭವದಿಂದ ಎರಡು ಮಾತು.

ಎಂಟನೇ ಕ್ಲಾಸಿನ ಮಗಳಿದ್ದಾಳೆ ಅಂದಿರಿ. ಕೆಂಪು ಕೋಟೆಗೆ ಹೋಗುವ ಮೊದಲು ಒಂದು ಭಾನುವಾರ ಅವಳನ್ನು ನಮ್ಮ ಬೇಕಲ ಕೋಟೆಗೆ ಕರೆದುಕೊಂಡು ಹೋಗಿ. ಯಾಕೆಂದರೆ ಎರಡೂ ಒಂದೇ ಕಾಲದವು. ಷಹಜಹಾನ್ ಕೆಂಪು ಕೋಟೆ ಶುರು ಮಾಡಿದ್ದು 1638ರಲ್ಲಿ, ಮುಗಿಸಿದ್ದು 1648ರಲ್ಲಿ. ಸುಮಾರು ಅದೇ ಹೊತ್ತಿಗೆ ಕೆಳದಿಯ ಶಿವಪ್ಪ ನಾಯಕ ನಮ್ಮ ಕಡಲ ಕರೆಯಲ್ಲಿ ಮುರಕಲ್ಲಿನ ಕೋಟೆ ಕಟ್ಟಿಸುತ್ತಿದ್ದ. ಅಲ್ಲಿ ಕೆಂಪು ಮರಳುಗಲ್ಲು, ಇಲ್ಲಿ ಕೆಂಪು ಮುರಕಲ್ಲು. ಬೇಕಲದಲ್ಲಿ ಅರಮನೆ ಇಲ್ಲ, ಕಾವಲು ಬುರುಜು, ತುಪಾಕಿ ಇಡುವ ಕಿಂಡಿ ಮಾತ್ರ. ದಿಲ್ಲಿಯದ್ದು ರಾಜ ಸಂಸಾರ ಸಮೇತ ಬದುಕಿದ ಕೋಟೆ, ಒಳಗೆ ಚಾವಣಿ ಹಾಕಿದ ಬಜಾರು, ಜನರ ದರ್ಬಾರಿಗೆ ದಿವಾನ್-ಇ-ಆಮ್, ಆಪ್ತರಿಗೆ ಅಮೃತಶಿಲೆಯ ದಿವಾನ್-ಇ-ಖಾಸ್, ಕೋಣೆಯಿಂದ ಕೋಣೆಗೆ ಹರಿಯುತ್ತಿದ್ದ ನೀರಿನ ಕಾಲುವೆ. ಇದನ್ನು ನೋಡಿ ಅದನ್ನು ನೋಡಿದರೆ ಮಗುವಿಗೆ ಕೋಟೆ ಅಂದರೆ ಏನೆಂದು ಸರಿಯಾಗಿ ಅರ್ಥವಾಗುತ್ತದೆ.

ಆ ದಿವಾನ್-ಇ-ಖಾಸ್‌ನಲ್ಲೇ 1858ರಲ್ಲಿ ಬ್ರಿಟಿಷರು ಕೊನೆಯ ಮೊಘಲ ಬಹಾದೂರ್ ಷಾ ಜಫರನನ್ನು ವಿಚಾರಣೆ ಮಾಡಿ ರಂಗೂನಿಗೆ ಗಡೀಪಾರು ಮಾಡಿದ್ದು. 1945ರಲ್ಲಿ ನೇತಾಜಿಯ ಆಜಾದ್ ಹಿಂದ್ ಸೇನೆಯ ಅಧಿಕಾರಿಗಳ ವಿಚಾರಣೆ ನಡೆದದ್ದೂ ಇದೇ ಕೋಟೆಯಲ್ಲಿ. ಅದರ ಮ್ಯೂಸಿಯಂ ಒಳಗೇ ಉಂಟು, ಹೆಚ್ಚಿನವರು ಫೋಟೋ ತೆಗೆದು ಸುಸ್ತಾಗಿ ಅದನ್ನು ನೋಡದೆ ಹೊರಗೆ ಬರುತ್ತಾರೆ. ನೀವು ಬಿಡಬೇಡಿ.

ಕುತುಬ್‌ನಲ್ಲಿ ಎಲ್ಲರೂ ತಲೆ ಎತ್ತಿ ಮಿನಾರು ನೋಡುತ್ತಾರೆ, ಸುಮಾರು 73 ಮೀಟರ್, ನೋಡಬೇಕಾದದ್ದೇ. ಆದರೆ ಪಕ್ಕದ ಕಬ್ಬಿಣದ ಕಂಬದ ಹತ್ತಿರ ಸ್ವಲ್ಪ ನಿಲ್ಲಿ. ಗುಪ್ತರ ಕಾಲದ್ದು, ಏಳು ಮೀಟರ್ ಉದ್ದ, ಆರು ಟನ್‌ಗಿಂತ ಹೆಚ್ಚು ಭಾರ. ಸಾವಿರದ ಆರುನೂರು ವರ್ಷ ಮಳೆ ಬಿಸಿಲಿಗೆ ನಿಂತಿದ್ದರೂ ತುಕ್ಕು ತಿಂದು ಹಾಕಿಲ್ಲ. ಆ ಕಬ್ಬಿಣದಲ್ಲಿ ರಂಜಕದ ಅಂಶ ಜಾಸ್ತಿ, ಅದರಿಂದ ಮೇಲ್ಮೈಯಲ್ಲಿ ಒಂದು ತೆಳುವಾದ ಪದರ ಕೂತು ಒಳಗಿನದ್ದನ್ನು ಕಾಯುತ್ತದೆ ಅಂತ ಲೋಹದ ತಜ್ಞರು ಹೇಳುತ್ತಾರೆ. ನಮ್ಮಲ್ಲಿ ಹೊಸ ಗೇಟು ಒಂದು ಮಳೆಗಾಲಕ್ಕೆ ತುಕ್ಕು ಹಿಡಿಯುವುದನ್ನು ನೋಡಿದ ಮಕ್ಕಳಿಗೆ ಅದರ ಬೆಲೆ ಗೊತ್ತಾಗುತ್ತದೆ.

ಮತ್ತೆ ಗಾಂಧಿ ಸ್ಮೃತಿ. ರಾಜಘಾಟಿಗೆ ಎಲ್ಲರೂ ಹೋಗುತ್ತಾರೆ, ಇಲ್ಲಿಗೆ ಬರುವವರು ಕಡಿಮೆ. ಆಗ ಬಿರ್ಲಾ ಹೌಸ್ ಅನ್ನುತ್ತಿದ್ದರು. 1948ರ ಜನವರಿ 30ರ ಸಂಜೆ ಗಾಂಧೀಜಿ ಪ್ರಾರ್ಥನೆಗೆ ನಡೆದು ಹೋದ ದಾರಿಯುದ್ದಕ್ಕೂ ಅವರ ಹೆಜ್ಜೆಗಳ ಗುರುತು ಹಾಕಿದ್ದಾರೆ. ಕೋಣೆಯ ಬಾಗಿಲಿನಿಂದ ಶುರುವಾಗಿ ಹುಲ್ಲಿನ ಪಕ್ಕದಲ್ಲೇ ಹೋಗುತ್ತದೆ, ಗುಂಡು ತಗುಲಿದ ಜಾಗದಲ್ಲಿ ನಿಂತುಬಿಡುತ್ತದೆ. ಕೋಣೆಯಲ್ಲಿ ನೆಲದ ಮೇಲಿನ ಹಾಸಿಗೆ, ಕೋಲು, ಕನ್ನಡಕ. ಅಷ್ಟೇ ಇರುವುದು. ಮಕ್ಕಳು ತಾವಾಗಿಯೇ ಮಾತು ನಿಲ್ಲಿಸುತ್ತಾರೆ. ಪ್ರವೇಶ ಉಚಿತ, ಸಮತಟ್ಟು ಜಾಗ, ನಿಮ್ಮ ಅಮ್ಮನವರಿಗೂ ತೊಂದರೆ ಇಲ್ಲ.

ಇನ್ನೊಂದು, ಇದು ನಮ್ಮ ಊರಿನವರಿಗೆ ಮಾತ್ರ. ದುಂಡಗಿನ ಹಳೆಯ ಸಂಸತ್ ಭವನವನ್ನು ಹೊರಗಿನಿಂದಲಾದರೂ ತೋರಿಸಿ. 1927ರ ಕಟ್ಟಡ. ಸಂವಿಧಾನ ಅಂಗೀಕಾರವಾದದ್ದು ಅಲ್ಲಿ. 1956ರ ರಾಜ್ಯ ಪುನರ್ವಿಂಗಡಣೆಯ ಕಾಯ್ದೆ ಪಾಸಾದದ್ದೂ ಅಲ್ಲೇ. ಮದ್ರಾಸಿನ ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕಾಗಿದ್ದ ಕಾಸರಗೋಡು ಆ ವರ್ಷ ನವೆಂಬರ್ 1ಕ್ಕೆ ಕೇರಳವಾಯಿತು. 1967ರಲ್ಲಿ ಗಡಿ ವಿವಾದದ ಮಹಾಜನ ಆಯೋಗ ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರು ರಾಜ್ಯಕ್ಕೆ, ಅಂದರೆ ಈಗಿನ ಕರ್ನಾಟಕಕ್ಕೆ, ಸೇರಬೇಕು ಅಂತ ವರದಿ ಕೊಟ್ಟಿತು, ಅದೂ ದಿಲ್ಲಿಯಲ್ಲೇ ಉಳಿಯಿತು. ನಿಮ್ಮ ಅಪ್ಪನವರ ಪ್ರಾಯದವರು ಇದನ್ನೆಲ್ಲ ಕಂಡು ಕೇಳಿ ಬೆಳೆದವರು. ಮೊಮ್ಮಕ್ಕಳಿಗೆ ಅವರ ಬಾಯಿಂದಲೇ ಅಲ್ಲಿ ನಿಂತು ಹೇಳಿಸಿ. ನನಗೆ ಆ ಕಟ್ಟಡ ನೋಡಿದಾಗ ಈಗಲೂ ಗಂಟಲು ಕಟ್ಟುತ್ತದೆ.

ಪೈವಳಿಕೆ, ಮಾಜಿ ಸೈನಿಕ

ನಾನು ದಿಲ್ಲಿ ಕಂಟೋನ್ಮೆಂಟಿನಲ್ಲಿ ಇದ್ದವನು. ಎಲ್ಲರೂ ಇಂಡಿಯಾ ಗೇಟ್ ಅಂತ ಹೇಳಿ ಅಲ್ಲಿಗೇ ನಿಲ್ಲಿಸಿದ್ದೀರಿ, ಅದರ ಹಿಂದೆಯೇ ಇರುವ ರಾಷ್ಟ್ರೀಯ ಯುದ್ಧ ಸ್ಮಾರಕದ ಬಗ್ಗೆ ಹೇಳುತ್ತೇನೆ.

ಇಂಡಿಯಾ ಗೇಟ್ ಬ್ರಿಟಿಷರ ಕಾಲದ್ದು, 1931ರಲ್ಲಿ ಮುಗಿದದ್ದು, 42 ಮೀಟರ್ ಎತ್ತರ. ಮೊದಲ ಮಹಾಯುದ್ಧ ಮತ್ತು ಅಫ್ಘಾನ್ ಯುದ್ಧದಲ್ಲಿ ಹೋದವರ ಹೆಸರು ಅದರ ಮೇಲೆ ಉಂಟು. ಸ್ವಾತಂತ್ರ್ಯ ಬಂದ ಮೇಲೆ ಪ್ರಾಣ ಕೊಟ್ಟವರಿಗೆ ದಿಲ್ಲಿಯಲ್ಲಿ ಅಂಥ ಜಾಗ ಬಂದದ್ದು 2019ರಲ್ಲಿ. ಅಮರ ಜವಾನ್ ಜ್ಯೋತಿಯನ್ನೂ 2022ರಲ್ಲಿ ಇಲ್ಲಿನ ಜ್ವಾಲೆಗೆ ಸೇರಿಸಿದರು. ಒಂದರ ಸುತ್ತ ಒಂದು ಚಕ್ರದ ಹಾಗೆ ಕಟ್ಟಿದ್ದಾರೆ. ತ್ಯಾಗ ಚಕ್ರ ಅನ್ನುವ ಸುತ್ತಿನಲ್ಲಿ ಗೋಡೆ ತುಂಬ ಗ್ರಾನೈಟಿನ ಇಟ್ಟಿಗೆಗಳು, ಒಬ್ಬ ಸೈನಿಕನಿಗೆ ಒಂದು, ಮೇಲೆ ಬಂಗಾರದ ಬಣ್ಣದಲ್ಲಿ ಹೆಸರು. 25 ಸಾವಿರಕ್ಕಿಂತ ಹೆಚ್ಚು ಹೆಸರುಗಳು. ನಿಧಾನವಾಗಿ ಓದುತ್ತಾ ಹೋಗಿ. ಮಗಳಿಗೆ ಹೇಳಿ, ಅವಳ ಪಠ್ಯದಲ್ಲಿ ಯುದ್ಧದ ಹೆಸರು ಒಂದು ಸಾಲಿನಲ್ಲಿ ಬರುತ್ತದೆ, ಇಲ್ಲಿ ಆ ಒಂದು ಸಾಲಿಗೆ ಒಂದು ಗೋಡೆ ಉಂಟು. ಪರಮವೀರ ಚಕ್ರ ಪಡೆದವರ ಪ್ರತಿಮೆಗಳು ಪಕ್ಕದಲ್ಲೇ. ಟಿಕೆಟ್ ಇಲ್ಲ. ಸೂರ್ಯ ಮುಳುಗುವ ಹೊತ್ತಿಗೆ ಇರುವ ಹಾಗೆ ಹೋಗಿ, ಆಗ ರಿಟ್ರೀಟ್, ಅಂದರೆ ಸಂಜೆಯ ಸೈನಿಕ ವಂದನೆ, ನಡೆಯುತ್ತದೆ.

ಶನಿವಾರ ಬೆಳಗ್ಗೆ ಸಿಕ್ಕಿದರೆ ರಾಷ್ಟ್ರಪತಿ ಭವನದ ಮುಂದೆ ಕಾವಲು ಪಡೆ ಬದಲಾಗುವ ಕಾರ್ಯಕ್ರಮ ನೋಡಿ, ಕುದುರೆ ಮತ್ತು ಬ್ಯಾಂಡ್ ಮಗನಿಗೆ ಖುಷಿಯಾಗುತ್ತದೆ. ಭವನದ ಒಳಗೆ ನೋಡಲು ಆನ್‌ಲೈನ್‌ನಲ್ಲಿ ಮುಂಚೆಯೇ ಬುಕ್ ಮಾಡಬೇಕು, ಎಲ್ಲರ ಆಧಾರ್ ಕಾರ್ಡ್ ಜೊತೆಗಿರಲಿ. ಭವನದ ತೋಟ ಅಮೃತ ಉದ್ಯಾನ ಡಿಸೆಂಬರಿನಲ್ಲಿ ಸಿಗುವುದಿಲ್ಲ, ಅದು ಹೂವು ಬಿಡುವ ಫೆಬ್ರವರಿ ಮಾರ್ಚ್ ಹೊತ್ತಿಗೆ.

ಚಳಿಯ ಬಗ್ಗೆ ಯಾರೂ ಹೇಳಲಿಲ್ಲ. ನಮ್ಮ ಊರಿನವರಿಗೆ ಚಳಿ ಅಂದರೆ ಬೆಳಗ್ಗೆ ಸ್ವಲ್ಪ ತಂಪು, ಅಷ್ಟೆ. ಅಲ್ಲಿ ರಾತ್ರಿ ಏಳೆಂಟು ಡಿಗ್ರಿಗೆ ಇಳಿಯುತ್ತದೆ, ಕೆಲವು ದಿನ ಇನ್ನೂ ಕೆಳಗೆ. ಒಂದು ದಪ್ಪ ಜಾಕೆಟ್‌ಗಿಂತ ಒಳಗೆ ಥರ್ಮಲ್, ಮೇಲೆ ಸ್ವೆಟರ್, ಅದರ ಮೇಲೆ ಇನ್ನೊಂದು, ಹೀಗೆ ಪದರ ಪದರವಾಗಿ ಹಾಕಿ. ಮಧ್ಯಾಹ್ನ ಬಿಸಿಲಿಗೆ ಒಂದೊಂದೇ ತೆಗೆಯಬಹುದು. ಅಪ್ಪ ಅಮ್ಮನಿಗೆ ಮಂಕಿ ಕ್ಯಾಪ್, ಕಾಲುಚೀಲ ಕಡ್ಡಾಯ. ಯಾರಿಗಾದರೂ ದಮ್ಮು ಇದ್ದರೆ ಮೊದಲೇ ಡಾಕ್ಟರ ಹತ್ತಿರ ಮಾತಾಡಿ, ಚಳಿಗಾಲದಲ್ಲಿ ಅಲ್ಲಿಯ ಗಾಳಿ ಚೆನ್ನಾಗಿರುವುದಿಲ್ಲ. ಮಾಸ್ಕ್ ಇಟ್ಟುಕೊಳ್ಳಿ.

ಉಪ್ಪಳದ ಹುಡುಗ

ಮಾಸ್ಟ್ರೇ, ಸರ್, ಇಬ್ಬರಿಗೂ ನಮಸ್ಕಾರ. ಆದರೆ ಮೂರನೇ ಕ್ಲಾಸಿನ ಹುಡುಗನಿಗೂ ಏನಾದರೂ ಬೇಡ್ವಾ? ಎಲ್ಲ ಸಮಾಧಿ, ಸ್ಮಾರಕ, ಕೋಟೆ ಆದರೆ ಎರಡನೇ ದಿನಕ್ಕೇ ರೂಮಿಗೆ ಹೋಗುವ ಅಂತ ಅಳಲು ಶುರು ಮಾಡುತ್ತಾನೆ.

ಚಾಣಕ್ಯಪುರಿಯ ನ್ಯಾಷನಲ್ ರೈಲ್ ಮ್ಯೂಸಿಯಂಗೆ ಕರೆದುಕೊಂಡು ಹೋಗಿ. ಬಯಲಲ್ಲಿ ಹಳೆಯ ಇಂಜಿನ್‌ಗಳು ಸಾಲಾಗಿ ನಿಂತಿವೆ, ಮಕ್ಕಳ ರೈಲೂ ಓಡುತ್ತದೆ. ಪಟಿಯಾಲದ ಮೊನೊರೈಲ್ ಇನ್ನೂ ವಿಚಿತ್ರ, ಒಂದು ಕಡೆಯ ಚಕ್ರ ಹಳಿಯ ಮೇಲೆ, ಇನ್ನೊಂದು ಕಡೆಯ ದೊಡ್ಡ ಚಕ್ರ ರಸ್ತೆಯ ಮೇಲೆ. ಮಂಗಳಾದಲ್ಲಿ ಅಷ್ಟು ದೂರ ಕೂತು ಬಂದ ಹುಡುಗನಿಗೆ ಇದು ಖಂಡಿತ ಹಿಡಿಸುತ್ತದೆ.

ಮೆಟ್ರೋವನ್ನೂ ಸುಮ್ನೆ ಓಡಾಟ ಅಂತ ಎಣಿಸಬೇಡಿ, ಮಕ್ಕಳಿಗೆ ಅದೇ ಒಂದು ಮಜಾ. ನೇರಳೆ ಬಣ್ಣದ ಲೈನಿನಲ್ಲಿ ಲಾಲ್ ಕಿಲಾ ಸ್ಟೇಷನ್ ಕೋಟೆಯ ಹತ್ತಿರವೇ ಉಂಟು. ಎಲ್ಲ ಸ್ಟೇಷನ್‌ನಲ್ಲೂ ಲಿಫ್ಟ್ ಉಂಟು, ಅಮ್ಮನವರಿಗೆ ಕಷ್ಟವಿಲ್ಲ. ಕುತುಬ್ ಮಿನಾರ್ ಸ್ಟೇಷನ್ ಹೆಸರು ನೋಡಿ ಹೊರಗೆ ಬಂದ ಕೂಡಲೇ ಮಿನಾರ್ ಅಂದುಕೊಳ್ಳಬೇಡಿ, ಅಲ್ಲಿಂದ ಆಟೋ ಬೇಕು. ಆರು ಜನಕ್ಕೆ ಎರಡು ಆಟೋ ಆಗುವುದರಿಂದ, ದೂರದ ದಿನಗಳಿಗೆ ಒಂದು ದೊಡ್ಡ ಕಾರು ದಿನದ ಬಾಡಿಗೆಗೆ ತೆಗೆದುಕೊಳ್ಳುವುದೇ ಒಳ್ಳೆಯದು. ಸ್ಟೇಷನ್ ಹೊರಗೆ ಮೈಮೇಲೆ ಬಿದ್ದು ಕರೆಯುವವರ ಜೊತೆ ಹೋಗಬೇಡಿ. ನೀವು ಹೇಳಿದ ಜಾಗ ಇವತ್ತು ಬಂದ್, ಬೇರೆ ಅಂಗಡಿ ತೋರಿಸುತ್ತೇನೆ ಅನ್ನುತ್ತಾರೆ. ಆ್ಯಪ್‌ನಲ್ಲೇ ಬುಕ್ ಮಾಡಿ.

ಅಕ್ಷರಧಾಮದ ವಿಷಯದಲ್ಲಿ ಅಕ್ಕನ ಮಾತಿಗೆ ನನ್ನ ಒಪ್ಪಿಗೆ ಇಲ್ಲ. ನಮ್ಮ ಮನೆಯ ಹಿರಿಯರಿಗೆ ಇಡೀ ಪ್ರವಾಸದಲ್ಲಿ ಅದೇ ಇಷ್ಟವಾದದ್ದು. 2005ರಲ್ಲಿ ಆದ ದೇವಸ್ಥಾನ, ಹಳೆಯದಲ್ಲ, ಸರಿ. ಆದರೆ ಕಲ್ಲಿನ ಕೆತ್ತನೆ ನೋಡಿ, ಕೆಳಗೆ ಸುತ್ತಲೂ ಆನೆಗಳ ಸಾಲು ನೋಡಿ. ಸ್ವಚ್ಛ, ಕೂರಲು ಜಾಗ, ಗಲಾಟೆ ಇಲ್ಲ. ವಯಸ್ಸಾದವರಿಗೆ ದೇವರು ಇರುವ ಒಂದು ಜಾಗ ಬೇಕಾಗುತ್ತದೆ ಅಲ್ವಾ.

ಕುಂಬಳೆಯವಳು, ಈಗ ದಿಲ್ಲಿ

ಸರಿ ತಮ್ಮ, ಹಿರಿಯರಿಗೆ ಇಷ್ಟವಾಗುತ್ತದೆ ಅಂದರೆ ಹೋಗಲಿ. ಆದರೆ ಆ ದಿನ ಬೇರೆ ಏನೂ ಬೇಡ. ದೇವರಿರುವ ಜಾಗ ಅಂದರೆ ನಾನು ಬಂಗ್ಲಾ ಸಾಹಿಬ್ ಗುರುದ್ವಾರವನ್ನೂ ಸೇರಿಸುತ್ತೇನೆ, ಕನ್ನಾಟ್ ಪ್ಲೇಸಿನ ಹತ್ತಿರ. ಸಂಜೆ ಹೋಗಿ, ತಲೆಗೆ ಬಟ್ಟೆ ಕಟ್ಟಿ, ಕೆರೆಯ ಕಟ್ಟೆಯ ಮೇಲೆ ಕೂತುಕೊಂಡರೆ ಏಳಲು ಮನಸ್ಸಾಗುವುದಿಲ್ಲ. ಊಟ ಎಲ್ಲರಿಗೂ, ಯಾವ ಹೊತ್ತಿಗೂ.

ನೀರ್ಚಾಲಿನವ

ಎಲ್ಲರಿಗೂ ತುಂಬ ಉಪಕಾರವಾಯಿತು. ಮಾಸ್ಟ್ರು ಬರೆದದ್ದನ್ನು ಅಪ್ಪನಿಗೆ ಓದಿ ಹೇಳಿದೆ. ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ, ಆಮೇಲೆ ಕಾಸರಗೋಡು ಕರ್ನಾಟಕಕ್ಕೆ ಸೇರಬೇಕು ಅಂತ ಹೋರಾಡಿದ ಕವಿ ಕಯ್ಯಾರರ ಭಾಷಣ ಕೇಳಲು ಬದಿಯಡ್ಕಕ್ಕೆ ನಡೆದುಕೊಂಡು ಹೋದದ್ದನ್ನೆಲ್ಲ ಮಕ್ಕಳಿಗೆ ಹೇಳಲು ಶುರು ಮಾಡಿದರು. ಹಳೆಯ ಸಂಸತ್ ಭವನ ನಮ್ಮ ಪಟ್ಟಿಯಲ್ಲಿ ಮೊದಲು ಬಂತು. ಲೋಟಸ್ ಟೆಂಪಲ್ ಬಿಟ್ಟೆವು. ಆಗ್ರಾದಲ್ಲಿ ಇಳಿಯುವ ಉಪಾಯವೂ ಹಿಡಿಸಿತು, ಟಿಕೆಟ್ ಹಾಗೆಯೇ ಮಾಡುತ್ತೇನೆ.

ಇನ್ನು ಎರಡು ಪ್ರಶ್ನೆ. ಅಮ್ಮನಿಗೆ ರೊಟ್ಟಿ ಚಪಾತಿ ಎರಡು ಹೊತ್ತು ಆಗುವುದಿಲ್ಲ, ಅನ್ನ ಬೇಕು. ಅಪ್ಪನ ಆಸೆ ಬೇರೆ. ನಾವು ಬೆಳೆಸಿದ ಅಡಿಕೆ ಉತ್ತರಕ್ಕೆ ಹೋಗುತ್ತದೆ ಅಂತ ಜನ್ಮವಿಡೀ ಕೇಳಿದ್ದೇನೆ, ಅದು ಹೋಗಿ ಮುಟ್ಟುವ ಪೇಟೆ ನೋಡಬೇಕು ಅನ್ನುತ್ತಾರೆ. ಅಂಥ ಜಾಗ ದಿಲ್ಲಿಯಲ್ಲಿ ಉಂಟಾ?

ಕುಂಬಳೆಯವಳು, ಈಗ ದಿಲ್ಲಿ

ಅನ್ನಕ್ಕೆ ಚಿಂತೆ ಬೇಡ ಅಣ್ಣಾ. ಅಶೋಕ ರಸ್ತೆಯ ಆಂಧ್ರ ಭವನದ ಊಟ ದಿಲ್ಲಿಗೇ ಪ್ರಸಿದ್ಧ. ಅನ್ನ, ಪಪ್ಪು, ಪುಡಿ, ತುಪ್ಪ, ಬೇಕು ಬೇಕಾದಷ್ಟು ಬಡಿಸುತ್ತಾರೆ. ಜನ ಜಾಸ್ತಿ, ಸ್ವಲ್ಪ ಬೇಗ ಹೋಗಿ. ಇಂಡಿಯಾ ಗೇಟಿಗೆ ಹತ್ತಿರ, ಹಾಗಾಗಿ ಆ ದಿನದ ಮಧ್ಯಾಹ್ನಕ್ಕೆ ಸರಿಯಾಗುತ್ತದೆ. ಜಂತರ್ ಮಂತರ್ ರಸ್ತೆಯಲ್ಲಿ ಕೇರಳ ಹೌಸ್ ಕ್ಯಾಂಟೀನ್ ಉಂಟು, ಮೀನು ತಿನ್ನುವವರಿದ್ದರೆ ಅಲ್ಲಿ. ಕನ್ನಾಟ್ ಪ್ಲೇಸಿನಲ್ಲಿ ಇಡ್ಲಿ ದೋಸೆಗೆ ಕೊರತೆ ಇಲ್ಲ. ರೈಲಿಗೆ ಮಾತ್ರ ಮನೆಯಿಂದಲೇ ಬುತ್ತಿ, ಉಪ್ಪಿನಕಾಯಿ ತನ್ನಿ.

ಪೆರ್ಲದ ಅಡಿಕೆ ವ್ಯಾಪಾರಿ

ಅಪ್ಪನವರ ಪ್ರಶ್ನೆಗೆ ನಾನು ಹೇಳುತ್ತೇನೆ. ನಮ್ಮ ಚಾಲಿಯಲ್ಲಿ, ಅಂದರೆ ಬಿಸಿಲಿಗೆ ಒಣಗಿಸಿದ ಹಣ್ಣಡಿಕೆಯಲ್ಲಿ, ಹೆಚ್ಚಿನದ್ದು ಗುಜರಾತಿಗೆ ಮತ್ತು ಉತ್ತರದ ಊರುಗಳಿಗೆ ಹೋಗುತ್ತದೆ, ಎಲ್ಲವೂ ದಿಲ್ಲಿಗೇ ಅಂತ ಇಲ್ಲ. ಆದರೆ ಪೇಟೆ ನೋಡಬೇಕಾದರೆ ಖಾರಿ ಬಾವಲಿ ನೋಡಲಿ. ಚಾಂದನಿ ಚೌಕದ ಪಶ್ಚಿಮದ ಕೊನೆಯಲ್ಲಿ ಫತೇಪುರಿ ಮಸೀದಿ ಉಂಟು, ಅದರ ಪಕ್ಕದಿಂದಲೇ ಶುರು. ಏಷ್ಯಾದಲ್ಲೇ ದೊಡ್ಡ ಸಾಂಬಾರ ಪೇಟೆ ಅನ್ನುತ್ತಾರೆ. ಕಾಳುಮೆಣಸು, ಏಲಕ್ಕಿ, ಶುಂಠಿ, ಅರಸಿನ, ಒಣ ಹಣ್ಣು, ಅಡಿಕೆ, ಎಲ್ಲ ಗೋಣಿ ಬಾಯಿ ಬಿಚ್ಚಿ ಇಟ್ಟಿರುತ್ತಾರೆ. ಇಡಿ ಅಡಿಕೆ, ಹೋಳು, ತುಂಡು ಮಾಡಿದ್ದು, ಬೇರೆ ಬೇರೆ. ಅಪ್ಪ ಕೈಯಲ್ಲಿ ಹಿಡಿದು ನೋಡಿದರೆ ಹೊಸದಾ ಹಳೆಯದಾ ಅಂತ ಅವರಿಗೆ ಭಾಷೆ ಬಾರದೆಯೂ ಗೊತ್ತಾಗುತ್ತದೆ. ದರ ಕೇಳಲಿ, ನಮ್ಮ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೋದ ದರ ಮನಸ್ಸಿನಲ್ಲಿ ಇಟ್ಟುಕೊಂಡೇ ಕೇಳಲಿ. ನಮ್ಮ ಅಂಗಳದಿಂದ ಅಲ್ಲಿಗೆ ಮುಟ್ಟುವಾಗ ಎಷ್ಟು ಕೈ ದಾಟುತ್ತದೆ ಅಂತ ಅಂದಾಜಾಗುತ್ತದೆ.

ಗಡೋಡಿಯಾ ಮಾರ್ಕೆಟ್ ಅಂತ ಹಳೆಯ ಕಟ್ಟಡದ ಒಳಗೆ ಮೆಣಸಿನ ಮೂಟೆಗಳೇ ಮೂಟೆಗಳು. ಒಳಗೆ ಕಾಲಿಟ್ಟ ಕೂಡಲೇ ಘಾಟಿಗೆ ಎಲ್ಲರೂ ಕೆಮ್ಮುತ್ತಾರೆ, ಮೂಟೆ ಹೊರುವವರೂ ಮುಖಕ್ಕೆ ಬಟ್ಟೆ ಕಟ್ಟಿಕೊಂಡೇ ಇರುತ್ತಾರೆ. ಕರ್ಚೀಫ್ ಇಟ್ಟುಕೊಳ್ಳಿ. ಅಮ್ಮನನ್ನೂ ಚಿಕ್ಕವನನ್ನೂ ಅಲ್ಲಿಗೆ ಕರೆದುಕೊಂಡು ಹೋಗಬೇಡಿ, ಕೈಗಾಡಿ ತಳ್ಳುವವರು ನಿಲ್ಲುವುದಿಲ್ಲ, ಅವರದ್ದು ಹೊಟ್ಟೆಪಾಡು, ನಾವೇ ದಾರಿ ಬಿಡಬೇಕು. ಮನೆಯವರು ಕೆಂಪು ಕೋಟೆಯ ಕಡೆ ನೆರಳಲ್ಲಿ ಕೂತಿರಲಿ, ನೀವಿಬ್ಬರು ಬೇಗ ಹೋಗಿ ಬನ್ನಿ. ಭಾನುವಾರ ಆಗುವುದಿಲ್ಲ, ಪೇಟೆಗೆ ರಜೆ. ಸೋಮವಾರ ಕೋಟೆ ಇಲ್ಲ. ಮಂಗಳವಾರದಿಂದ ಶನಿವಾರದ ಒಳಗೆ ಒಂದು ದಿನ ಹಿಡಿದರೆ ಎರಡೂ ಒಟ್ಟಿಗೆ ಆಗುತ್ತದೆ.